ಕನಸು ಬರೆದು ಕಳಿಸು

ಫೆಬ್ರವರಿ 11

ದೊಡ್ಡಮ್ಮನಿಗೆ ಗುಮ್ಮಿ ಮಾಡುವ ನಮಸ್ಕಾರ.

ಮೊದಲು ಫೋನ್ ಮಾಡಿದ್ದೆ. ನಿಮ್ಮ ಕಾಂಪೌಂಡರ್ ಎತ್ತಿಕೊಂಡು, "ಡಾಕ್ಟರಮ್ಮನಿಗೆ ಈಗ ಕಿವಿ ಪೂರ್ತಿ ಮಂದ. ರೋಗಿಗಳೂ ಚೀಟಿ ಬರೆದು ತೋರಿಸ್ತಾರೆ. ನೀವೂ ಕಾಗದ ಹಾಕಿಬಿಡಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ನಿಮಗೆ ಒಂದು ಸಾಲೂ ಬರೆದಿರಲಿಲ್ಲ, ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದೇನೆ. ಬೈದುಕೊಳ್ಳಿ.

ವಿಷಯ ಇಷ್ಟು. ನನಗೆ ಮುಟ್ಟು ಸರಿಯಾಗಿ ಆಗುವುದಿಲ್ಲ. ಮೂರು ತಿಂಗಳು, ನಾಲ್ಕು ತಿಂಗಳು ನಿಂತುಬಿಡುತ್ತದೆ. ತೂಕ ಹೆಚ್ಚಾಗಿದೆ. ಗಲ್ಲದ ಮೇಲೆ ಒಂಬತ್ತು ದಪ್ಪ ಕೂದಲು ಬಂದಿವೆ, ಎಣಿಸಿದ್ದೇನೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಪಿಸಿಓಎಸ್ ಎಂದರು. ಅಂಡಾಶಯದ ತುಂಬ ಸಣ್ಣ ಸಣ್ಣ ನೀರುಗುಳ್ಳೆ. ಅಲ್ಲಿನ ಲೇಡಿ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. "ಮೂರು ತಿಂಗಳಿಗೆ ಒಂದು ಸಲವಾದ್ರೂ ಆಗ್ಲೇಬೇಕು. ತಾನಾಗಿ ಆಗ್ದಿದ್ರೆ ಮಾತ್ರೆ ಕೊಟ್ಟು ಮಾಡಿಸ್ಬೇಕು. ಇಲ್ಲಾಂದ್ರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ, ಅದು ಒಳ್ಳೇದಲ್ಲ" ಎಂದರು. ಮಗು ಬೇಕಿದ್ದರೆ ಈ ವರ್ಷವೇ ಅದರ ಚಿಕಿತ್ಸೆ ಶುರು ಮಾಡಬೇಕಂತೆ. ನನಗೆ ಮೂವತ್ತನಾಲ್ಕಾಯಿತು.

ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆ. ಕೆಲಸದ ಮೇಜಿನ ಮುಂದೆ ಕೂತರೆ ತಲೆ ಮಂಕಾಗುತ್ತದೆ. ನಿಮ್ಮಲ್ಲಿ ಇದಕ್ಕೆ ಏನಾದರೂ ಇದೆಯೇ? ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಬೇಜಾರಿಲ್ಲ.

ಗುಮ್ಮಿ

ಫೆಬ್ರವರಿ 19

ಗುಮ್ಮಿ,

ಬೈಯುವುದು ಆಮೇಲೆ, ಅದಕ್ಕೆ ಬೇರೆ ಕಾಗದವೇ ಬೇಕು. ಮೊದಲು ಖುಷಿಪಡುತ್ತೇನೆ. ಮೂವತ್ತೆಂಟು ವರ್ಷದಿಂದ ಹೋಮಿಯೋಪಥಿ ಗುಳಿಗೆ ಕೊಡುತ್ತಿದ್ದೇನೆ. ಊರಿನ ಅರ್ಧ ಜನ ಈ ಮೆಟ್ಟಿಲು ಹತ್ತಿ ಇಳಿದಿದ್ದಾರೆ, ನಮ್ಮ ಮನೆಯವರು ಮಾತ್ರ ಈ ಕಡೆ ತಲೆ ಹಾಕಿಯೂ ಮಲಗಿಲ್ಲ. ನಿನ್ನ ಅಮ್ಮನಂತೂ ನನ್ನ ಬೋರ್ಡು ನೋಡಿದಾಗಲೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನೀನಾದರೂ ಬಂದೆಯಲ್ಲ.

ಇದೆಯೇ ಎಂದು ಕೇಳುತ್ತೀಯಾ? ಇದ್ದೇ ಇದೆ. ಆದರೆ ನನ್ನದು ಬೇರೆ ದಾರಿ. ಅವರು ಗುಳ್ಳೆಗೆ ಔಷಧಿ ಕೊಡುತ್ತಾರೆ, ನಾನು ಗುಳ್ಳೆ ಇಟ್ಟುಕೊಂಡ ಹೆಂಗಸಿಗೆ ಕೊಡುತ್ತೇನೆ. ಒಂದೇ ಕಾಯಿಲೆಯ ಹತ್ತು ಜನ ಬಂದರೆ ಹತ್ತು ಜನಕ್ಕೆ ಹತ್ತು ಔಷಧಿ. ಅದಕ್ಕೆ ನೀನು ಎಂಥವಳು ಎಂದು ನನಗೆ ಗೊತ್ತಾಗಬೇಕು. ನಾನು ನಿನ್ನನ್ನು ಕಡೆಯ ಸಲ ನೋಡಿದ್ದು ನಿನ್ನ ಅಮ್ಮ ಹೋದ ದಿನ. ಅವತ್ತೂ ನೀನು ಬಾಯಿಗೆ ಬೀಗ ಹಾಕಿಕೊಂಡೇ ಓಡಾಡುತ್ತಿದ್ದೆ. ಸುಮ್ಮನೆ ನಿನಗೆ ಗುಮ್ಮಿ ಎಂದು ಹೆಸರಿಟ್ಟೆವೇ?

ಇದರ ಜೊತೆ ನಲವತ್ತೆರಡು ಪ್ರಶ್ನೆಗಳ ಹಾಳೆ ಇದೆ. ಒಂದನ್ನೂ ಬಿಡಬೇಡ. ಯಾವ ಮಗ್ಗುಲಿಗೆ ಮಲಗುತ್ತೀ, ಉಪ್ಪು ಇಷ್ಟವೋ ಹುಳಿಯೋ, ಯಾರಾದರೂ ಸಮಾಧಾನ ಹೇಳಿದರೆ ಅಳು ಕಡಿಮೆಯಾಗುತ್ತದೋ ಹೆಚ್ಚಾಗುತ್ತದೋ, ಎಂಥ ಕನಸು ಬೀಳುತ್ತದೆ, ಎಲ್ಲ ಬೇಕು. ನಾಚಿಕೆ ಬಿಟ್ಟು ಬರೆ.

ಇಂಗ್ಲಿಷ್ ಮಾತ್ರೆ ಇವತ್ತಿಂದಲೇ ನಿಲ್ಲಿಸು. ಅದೂ ಇದೂ ಬೆರೆಸಿದರೆ ಯಾವುದು ಏನು ಮಾಡಿತು ಎಂದು ನನಗೆ ತಿಳಿಯುವುದಿಲ್ಲ. ಒಳಪದರ ಗಿಳಪದರ ಎಂದು ಹೆದರಿಸುವುದು ಅವರ ಅಭ್ಯಾಸ. ದೇಹಕ್ಕೆ ತನ್ನ ಲೆಕ್ಕ ತನಗೆ ಗೊತ್ತು.

ದೊಡ್ಡಮ್ಮ

ಮಾರ್ಚ್ 3

ದೊಡ್ಡಮ್ಮನಿಗೆ ನಮಸ್ಕಾರ.

ಮಾತ್ರೆ ನಿಲ್ಲಿಸಿದೆ. ಪ್ರಶ್ನೆಗಳಿಗೆ ಉತ್ತರ ಕೆಳಗಿದೆ. ಎಷ್ಟೋ ಕಡೆ "ಇಲ್ಲ" ಎಂದೇ ಬರೆಯಬೇಕಾಯಿತು, ಕ್ಷಮಿಸಿ.

ಬಲ ಮಗ್ಗುಲಿಗೆ ಮಲಗುತ್ತೇನೆ. ಉಪ್ಪು, ಹುಳಿ, ಸಿಹಿ, ಯಾವುದೂ ವಿಶೇಷವಾಗಿ ಬೇಕೆನಿಸುವುದಿಲ್ಲ. ತಟ್ಟೆಯಲ್ಲಿದ್ದುದನ್ನು ತಿನ್ನುತ್ತೇನೆ. ಅಳುವುದಿಲ್ಲ, ಹಾಗಾಗಿ ಸಮಾಧಾನದ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಸಿಟ್ಟು ಇಲ್ಲ. ಹೆದರಿಕೆ ಇಲ್ಲ.

ಇಪ್ಪತ್ತಮೂರನೆಯದು, ದಿನವೆಲ್ಲ ಏನು ಮಾಡುತ್ತೀ ಎನ್ನುವುದು. ನಾನು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದೇನೆ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಪಕ್ಕದ ಮೇಜಿನ ಹೆಂಗಸು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸಿ ಕೊಡುತ್ತಾಳೆ. ಅವಳನ್ನು ಎಲ್ಲರೂ ಅಚ್ಚಿನಕ್ಕ ಎನ್ನುತ್ತಾರೆ. ಅವಳು ಪ್ಲಾಸ್ಟರ್ ಒಣಗುವವರೆಗೆ ಮಾತಾಡುತ್ತಾಳೆ, ಒಣಗಿದ ಮೇಲೂ ಮಾತಾಡುತ್ತಾಳೆ. ನಾನು ಆ ದವಡೆಯ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತೇನೆ. ಹಲ್ಲಿನ ಬಣ್ಣಕ್ಕೆ ಹದಿನಾರು ನಂಬರಿದೆ, ನೋಡಿದ ಕೂಡಲೇ ಹೇಳುತ್ತೇನೆ. ಒಂದು ಬಾಯಿಯ ಮುಂದೆ ಮೂರು ದಿನ ಕೂತರೂ ಅದು ಯಾರದು ಎಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕು ಅನ್ನಿಸುವುದೂ ಇಲ್ಲ.

ಇಪ್ಪತ್ತೊಂಬತ್ತನೆಯದು, ಗಂಡನ ಮೇಲೆ ಪ್ರೀತಿ. ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುತ್ತಾರೆ, ಒಳ್ಳೆಯ ಮನುಷ್ಯ. ಬಂದರೆ ಬಂದರು ಎನ್ನಿಸುತ್ತದೆ, ಹೋದರೆ ಹೋದರು ಎನ್ನಿಸುತ್ತದೆ. ಮುಂಚೆ ಹೀಗಿರಲಿಲ್ಲ.

ಮೂವತ್ತೈದನೆಯದು, ಮಗುವಿನ ಬಗ್ಗೆ ಮನೆಯವರ ಒತ್ತಾಯ ಇದೆಯೇ. ಇಲ್ಲ.

ನಲವತ್ತೊಂದನೆಯದು, ಕನಸು. ಬೀಳುವುದಿಲ್ಲ.

ಗುಮ್ಮಿ

ಮಾರ್ಚ್ 12

ಗುಮ್ಮಿ,

ನಿನ್ನ ಕಾಗದ ಓದಿ ಕುಣಿಯುವುದೊಂದು ಬಾಕಿ. ಕಾಂಪೌಂಡರ್‌ಗೂ ಓದಿ ಹೇಳಿದೆ. (ಹೆದರಬೇಡ, ಗಲ್ಲದ ಕೂದಲಿನ ವಿಷಯ ಬಿಟ್ಟು ಓದಿದೆ.) "ಬಂದರೆ ಬಂದರು, ಹೋದರೆ ಹೋದರು" ಎಂದು ಬರೆದೆಯಲ್ಲ, ಸೆಪಿಯಾ ಎನ್ನುವ ಔಷಧಿಯ ಲಕ್ಷಣವನ್ನು ನಮ್ಮ ಗ್ರಂಥದಲ್ಲಿ ಹೆಚ್ಚುಕಡಿಮೆ ಹೀಗೇ ಬರೆದಿದ್ದಾರೆ. ಸಮುದ್ರದ ಒಂದು ಪ್ರಾಣಿಯ ಶಾಯಿಯಿಂದ ಮಾಡುವಂಥದ್ದು. ತನ್ನವರ ಮೇಲೆಯೇ ಆಸೆ ಆರಿಹೋದ ಹೆಂಗಸಿಗೆ ಅದನ್ನು ಕೊಡುವುದು. ಇಷ್ಟು ಕರಾರುವಾಕ್ಕಾಗಿ ಯಾವ ರೋಗಿಯೂ ನನಗೆ ಹೇಳಿರಲಿಲ್ಲ. ನಿನ್ನ ನಿರಾಸಕ್ತಿಯೇ ನಿನ್ನ ಔಷಧಿಯನ್ನು ತೋರಿಸಿಕೊಟ್ಟಿತು.

ಮೂವತ್ತು ಪೊಟ್ಟಣ ಕಳಿಸಿದ್ದೇನೆ. ಒಂದೊಂದರ ಮೇಲೂ ನಂಬರಿದೆ. ದಿನಕ್ಕೊಂದು, ಬೆಳಿಗ್ಗೆ ಬಾಯಿ ತೊಳೆದು ನಾಲಿಗೆಯ ಮೇಲೆ ಹಾಕಿಕೊ. ನಂಬರ್ ಹಿಂದುಮುಂದಾಗಕೂಡದು. ಕಾಫಿ ಮುಟ್ಟಬೇಡ.

ಆದರೆ ನಲವತ್ತೊಂದನೆಯ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕನಸು ಬೀಳದ ಮನುಷ್ಯ ಎಲ್ಲಿದ್ದಾನೆ? ನೀನು ಮರೆಯುತ್ತೀ, ಅಷ್ಟೆ. ಎದ್ದ ತಕ್ಷಣ ಕಣ್ಣು ಮುಚ್ಚಿಕೊಂಡೇ ಯೋಚಿಸು, ಸಿಕ್ಕೀತು. ಕನಸು ಬರೆದು ಕಳಿಸು. ಫೋನಿನಲ್ಲಿ ಜನ ನನಗೆ ಸುಳ್ಳು ಹೇಳುತ್ತಿದ್ದರು. ಕೈಯಲ್ಲಿ ಬರೆಯುವಾಗ ಹೇಳಲಾರರು ಎನ್ನುವುದು ನನ್ನ ಅನುಭವ.

ದೊಡ್ಡಮ್ಮ

ಏಪ್ರಿಲ್ 20

ದೊಡ್ಡಮ್ಮನಿಗೆ ನಮಸ್ಕಾರ.

ಮೂವತ್ತೂ ಮುಗಿದವು, ನಂಬರ್ ತಪ್ಪಿಲ್ಲ. ಕಾಫಿ ಬಿಟ್ಟಿದ್ದೇನೆ. ಮುಟ್ಟು ಆಗಿಲ್ಲ. ಡಿಸೆಂಬರಿನಲ್ಲಿ ಮಾತ್ರೆ ತೆಗೆದುಕೊಂಡಾಗ ಆದದ್ದೇ ಕೊನೆ.

ಕನಸು ಕೇಳಿದ್ದಿರಿ. ಒಂದು ಹಾವು ಅಡುಗೆಮನೆಯ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಕೂತಿತ್ತು. ನಾನು ಡಬ್ಬಿ ತೆಗೆಯಲು ಕೈ ಹಾಕುತ್ತೇನೆ, ಅದು ಸರಿದು ಜಾಗ ಕೊಡುತ್ತದೆ. ಕುತ್ತಿಗೆಗೆ ಏನೋ ಬಿಗಿಯಾದಂತಾಗಿ ಎಚ್ಚರವಾಯಿತು. ರವಿಕೆಯ ಕೊರಳು ಬಿಗಿ ಎನ್ನಿಸಿತು. ಎರಡು ಮೂರು ಸಲ ಬಿದ್ದಿದೆ.

ಇಷ್ಟು ಸಾಕೇ?

ಗುಮ್ಮಿ

ಮೇ 2

ಗುಮ್ಮಿ,

ಸಾಕೇ ಅಂತೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದೆ ಇದನ್ನು? ಹಾವು, ಕುತ್ತಿಗೆ ಬಿಗಿ. ಎರಡೂ ಒಟ್ಟಿಗೆ ಬಂದರೆ ನಮ್ಮಲ್ಲಿ ಎರಡನೇ ಮಾತಿಲ್ಲ. ಹಾವಿನ ವಿಷದಿಂದಲೇ ಮಾಡಿದ ಔಷಧಿ ಇದೆ, ಲಾಕೆಸಿಸ್ ಎಂದು. ಸೆಪಿಯಾ ನಿಲ್ಲಿಸಿ ಇದನ್ನು ಕಳಿಸುತ್ತಿದ್ದೇನೆ, ಮತ್ತೆ ಮೂವತ್ತು.

ಒಂದು ತಮಾಷೆ ಕೇಳು. ಈ ಔಷಧಿ ಹೊಂದುವ ಹೆಂಗಸರು ಮಹಾ ವಾಚಾಳಿಗಳು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಾರೆ. ನಿನಗೂ ಅದಕ್ಕೂ ಎಲ್ಲಿಂದೆಲ್ಲಿಗೆ ಎಂದು ಒಂದು ಗಳಿಗೆ ನಾನೂ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ನೀನು ಒಳಗೊಳಗೇ ವಾಚಾಳಿ. ಬಾಯಿ ಮುಚ್ಚಿದ್ದಕ್ಕೇ ಮುಟ್ಟೂ ಮುಚ್ಚಿಕೊಂಡಿದೆ. ಒಂದು ತೆರೆದರೆ ಇನ್ನೊಂದೂ ತೆರೆಯುತ್ತದೆ.

ತಾಳ್ಮೆ ಇರಲಿ. ಇನ್ನೂ ಕನಸು ಬಿದ್ದರೆ ಬರೆ, ತಡ ಮಾಡಬೇಡ.

ದೊಡ್ಡಮ್ಮ

ಜೂನ್ 25

ದೊಡ್ಡಮ್ಮನಿಗೆ ನಮಸ್ಕಾರ.

ತಡವಾಯಿತು. ಲ್ಯಾಬಿನಲ್ಲಿ ಕೆಲಸ ಹೆಚ್ಚಿತ್ತು. ಮುಟ್ಟು ಆಗಿಲ್ಲ. ಹೊಟ್ಟೆಯ ಕೆಳಗೆ ಭಾರ ಇದೆ, ನೋವಲ್ಲ.

ಕನಸು. ಮದುವೆಯ ಮನೆಯೊಂದರಲ್ಲಿ ಎಲ್ಲರೂ ನನ್ನನ್ನು ಬಿಟ್ಟು ಊಟಕ್ಕೆ ಕೂತಿದ್ದಾರೆ. ನಾನು ಜೋರಾಗಿ ಬೈಯುತ್ತಾ ಪಂಕ್ತಿಯ ಮಧ್ಯೆ ನಡೆಯುತ್ತೇನೆ. ಯಾರೂ ತಲೆ ಎತ್ತುವುದಿಲ್ಲ. ಎದ್ದಾಗ ಗಂಟಲು ಒಣಗಿತ್ತು.

ನಮ್ಮ ಮನೆಯವರಿಗೆ ಬೇರೆ ಊರಿನ ಹೊಸ ಕಟ್ಟಡದಲ್ಲಿ ಕೆಲಸ ಸಿಕ್ಕಿದೆ. ವಾರಕ್ಕೊಮ್ಮೆ ಬರುತ್ತಾರೆ. ಹೋಗುವಾಗ, "ಆಸ್ಪತ್ರೆಗೆ ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" ಎಂದು ಕೇಳಿದರು. ದೊಡ್ಡಮ್ಮ ನೋಡುತ್ತಿದ್ದಾರೆ ಎಂದೆ. ಸರಿ ಎಂದರು.

ನಿಮ್ಮ ಕಾಗದ ಬಂದ ದಿನ ಅದನ್ನು ಲ್ಯಾಬಿಗೆ ಒಯ್ದು ಊಟದ ಹೊತ್ತಿನಲ್ಲಿ ಓದುತ್ತೇನೆ.

ಗುಮ್ಮಿ

ಜುಲೈ 6

ಗುಮ್ಮಿ,

ಬೈಯುವ ಕನಸು! ಶಭಾಷ್. ಒಳಗಿನದು ಮೇಲೆ ಬರುತ್ತಿದೆ. ನಾನು ಹೇಳಲಿಲ್ಲವೇ? ಅದೇ ಔಷಧಿಯನ್ನು ಇನ್ನೂ ಸೂಕ್ಷ್ಮ ಮಾಡಿ ಕಳಿಸಿದ್ದೇನೆ, ಮೂವತ್ತು ಪೊಟ್ಟಣ. ಹೊಟ್ಟೆಯ ಭಾರ ಒಳ್ಳೆಯ ಸೂಚನೆ, ದೇಹ ತಯಾರಾಗುತ್ತಿದೆ.

ಅಳಿಯಂದಿರಿಗೆ ಹೇಳು, ಆಸ್ಪತ್ರೆಯ ಮೆಟ್ಟಿಲು ಹತ್ತಿ ನನ್ನ ಐದು ತಿಂಗಳ ಕೆಲಸ ಹಾಳು ಮಾಡುವುದು ಬೇಡ ಎಂದು. ಲಿಫ್ಟಾದರೆ ಗುಂಡಿ ಒತ್ತಿದ ಕೂಡಲೇ ಬರುತ್ತದೆ. ಇದು ಹಾಗಲ್ಲ.

ನೀನು ಊಟದ ಹೊತ್ತಿನಲ್ಲಿ ನನ್ನ ಕಾಗದ ಓದುತ್ತೀ ಎನ್ನುವುದನ್ನು ನಾನು ನಾಲ್ಕು ಸಲ ಓದಿದೆ.

ದೊಡ್ಡಮ್ಮ

ಆಗಸ್ಟ್ 30

ದೊಡ್ಡಮ್ಮನಿಗೆ ನಮಸ್ಕಾರ.

ಮುಟ್ಟಾಯಿತು. ಇಪ್ಪತ್ತನಾಲ್ಕನೇ ತಾರೀಕು, ಸೋಮವಾರ ಬೆಳಿಗ್ಗೆ.

ಗುಮ್ಮಿ

ಸೆಪ್ಟೆಂಬರ್ 5

ನನ್ನ ಚಿನ್ನ ಗುಮ್ಮಿ,

ಹೊಟ್ಟೆಗೆ ಹಾಲೆರೆದಂತಾಯಿತು. ಒಂದೇ ಸಾಲು ಬರೆದಿದ್ದೀಯ, ಆ ಒಂದು ಸಾಲಿಗೆ ನಾನು ಇಡೀ ಬೀದಿಗೆ ಸಿಹಿ ಹಂಚಿದೆ. ಯಾಕೆ ಎಂದು ಕೇಳಿದವರಿಗೆಲ್ಲ "ನಮ್ಮ ಹುಡುಗಿಗೆ ಹುಷಾರಾಯ್ತು" ಎಂದೆ. ಕಾಂಪೌಂಡರ್ ಎರಡು ತುಂಡು ಹೆಚ್ಚೇ ತಿಂದರು. ಒಂದೇ ಒಂದು ಇಂಗ್ಲಿಷ್ ಮಾತ್ರೆ ಇಲ್ಲದೆ, ಎಂಟು ತಿಂಗಳ ಮೇಲೆ, ತಾನಾಗಿ! ನಿನ್ನ ಅಮ್ಮ ಇರಬೇಕಿತ್ತು. ಅವಳ ನಗು ಹೇಗೆ ನಿಲ್ಲುತ್ತಿತ್ತು ಎಂದು ನೋಡಬೇಕಿತ್ತು.

ಈಗ ಏನೂ ಮಾಡಬೇಡ. ಕೆಲಸ ಶುರುವಾಗಿದೆ, ಅದರ ಪಾಡಿಗೆ ಅದನ್ನು ಬಿಡಬೇಕು. ಹೋಗಬೇಕಾದ್ದು ಹೋಗಲಿ. ಸ್ವಲ್ಪ ಹೆಚ್ಚಾದರೂ ಗಾಬರಿ ಬೇಡ, ತಿಂಗಳುಗಟ್ಟಲೆ ಕೂಡಿದ್ದು ಒಟ್ಟಿಗೆ ಬರುತ್ತಿದೆ. ಮೂವತ್ತು ಪೊಟ್ಟಣ ಕಳಿಸಿದ್ದೇನೆ, ಮೊದಲಿನ ಹಾಗೆಯೇ ತೆಗೆದುಕೊ.

ದೊಡ್ಡಮ್ಮ

ಸೆಪ್ಟೆಂಬರ್ 22

ದೊಡ್ಡಮ್ಮನಿಗೆ ನಮಸ್ಕಾರ.

ಪೊಟ್ಟಣ ತೆಗೆದುಕೊಳ್ಳುತ್ತಿದ್ದೇನೆ. ಮುಟ್ಟು ಇನ್ನೂ ಸ್ವಲ್ಪ ಇದೆ. ನೀವು ಹೇಳಿದ ಹಾಗೆ ಅದರ ಪಾಡಿಗೆ ಬಿಟ್ಟಿದ್ದೇನೆ.

ಲ್ಯಾಬಿನಲ್ಲಿ ನನ್ನ ಸ್ಟೂಲಿಗೆ ಮೆತ್ತೆ ಹಾಕಿಕೊಂಡಿದ್ದೇನೆ. ಎರಡು ದಿನ ರಜೆ ಹಾಕಿದ್ದೆ, ಏನಿಲ್ಲ, ಸುಮ್ಮನೆ. ಹೋದ ವಾರ ಒಂದು ಸೆಟ್ಟಿನ ಬಣ್ಣ ತಪ್ಪಿದೆ. ಎರಡನೇ ನಂಬರಿನ ಬದಲು ನಾಲ್ಕನೆಯದನ್ನು ಹಾಕಿಬಿಟ್ಟೆ. ಮೇಸ್ತ್ರಿ "ಹದಿಮೂರು ವರ್ಷದಲ್ಲಿ ಇದೇ ಮೊದಲು ಕಣಮ್ಮ" ಎಂದರು. ಬೈಯಲಿಲ್ಲ.

ಸಿಹಿ ಹಂಚಿದ್ದನ್ನು ಅಚ್ಚಿನಕ್ಕನಿಗೆ ಓದಿ ಹೇಳಿದೆ. "ನಿಮ್ಮ ದೊಡ್ಡಮ್ಮನಂಥೋಳು ನನಗೂ ಒಬ್ಳು ಇರಬಾರ್ದಿತ್ತೇ" ಎಂದಳು.

ಕನಸು ಇಲ್ಲ.

ಗುಮ್ಮಿ

ಅಕ್ಟೋಬರ್ 1

ಗುಮ್ಮಿ,

ಬಣ್ಣ ತಪ್ಪಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಹದಿಮೂರು ವರ್ಷ ಯಂತ್ರದ ಹಾಗೆ ಇದ್ದವಳು ಈಗ ಮನುಷ್ಯಳಾಗುತ್ತಿದ್ದೀಯ, ತಪ್ಪದೆ ಇರುತ್ತದೆಯೇ? ನಿನ್ನ ಅಚ್ಚಿನಕ್ಕನಿಗೂ ಏನಾದರೂ ತೊಂದರೆ ಇದ್ದರೆ ಬರೆಯಲು ಹೇಳು. ಅವಳ ಮಾತು ಕೇಳಿದರೆ ಆಸಾಮಿ ಗಟ್ಟಿ ಇರುವಂತಿದೆ.

ಕನಸು ನಿಂತದ್ದೂ ಒಳ್ಳೆಯದೇ.

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. "ಇನ್ನೂ ಸ್ವಲ್ಪ ಇದೆ" ಎಂದಿದ್ದೀಯ. ಇಪ್ಪತ್ತೆರಡನೇ ತಾರೀಕಿಗೆ ಇಪ್ಪತ್ತೊಂಬತ್ತು ದಿನ ಆಗುತ್ತದಲ್ಲ? ನಡುವೆ ನಿಂತು ಮತ್ತೆ ಶುರುವಾಯಿತೇ? ಸ್ವಲ್ಪ ಎಂದರೆ ಎಷ್ಟು? ಇದಕ್ಕೆ ಮಾತ್ರ ತಕ್ಷಣ ಉತ್ತರ ಬರೆ.

ದೊಡ್ಡಮ್ಮ

ಅಕ್ಟೋಬರ್ 14

ಗುಮ್ಮಿ,

ಉತ್ತರ ಬರಲಿಲ್ಲ. ಕಾಂಪೌಂಡರ್ ಕೈಯಲ್ಲಿ ನಿನ್ನ ಫೋನಿಗೆ ಮೂರು ಸಲ ಮಾಡಿಸಿದೆ, ಎತ್ತುತ್ತಿಲ್ಲವಂತೆ. ಅಳಿಯಂದಿರ ನಂಬರ್ ನನ್ನಲ್ಲಿಲ್ಲ. ಅದನ್ನು ಇಷ್ಟು ವರ್ಷ ಕೇಳಿಯೂ ಇಲ್ಲ ನೋಡು.

ಮುಟ್ಟು ನಿಂತಿರದಿದ್ದರೆ ಆಸ್ಪತ್ರೆಗೆ ಹೋಗು. ನಾನೇ ಹೇಳುತ್ತಿದ್ದೇನೆ, ಹೋಗು.

ದೊಡ್ಡಮ್ಮ

ಅಕ್ಟೋಬರ್ 23

ಗುಮ್ಮಿ, ಒಂದೇ ಒಂದು ಸಾಲು ಬರೆ. ಬದುಕಿದ್ದೇನೆ ಎಂದಷ್ಟೇ ಬರೆದರೂ ಸಾಕು.

ನವೆಂಬರ್ 4

ದೊಡ್ಡಮ್ಮನಿಗೆ ನಮಸ್ಕಾರ.

ನಿಮ್ಮ ಮೂರು ಕಾಗದವೂ ಸಿಕ್ಕವು, ಮೊದಲನೆಯದೂ ನಾನು ಆಸ್ಪತ್ರೆ ಸೇರಿದ ಮೇಲೆಯೇ ಬಂದಿತ್ತು. ಆಸ್ಪತ್ರೆಯಿಂದ ಬಂದು ಹನ್ನೊಂದು ದಿನವಾಯಿತು. ಕೂತು ಬರೆಯುವ ಶಕ್ತಿ ಈಗ ಬಂದಿದೆ.

ಅಕ್ಟೋಬರ್ ಹನ್ನೆರಡರಂದು ಲ್ಯಾಬಿನಲ್ಲಿ ಸ್ಟೂಲಿನಿಂದ ಬಿದ್ದೆ. ಅಚ್ಚಿನಕ್ಕ ಪ್ಲಾಸ್ಟರ್ ಕೈಯಲ್ಲೇ ನನ್ನನ್ನು ಎತ್ತಿಕೊಂಡು ಗಾಡಿಗೆ ಹಾಕಿಸಿದಳಂತೆ. ಆಸ್ಪತ್ರೆಯಲ್ಲಿ ನನ್ನ ಲಂಗ ನೋಡಿ ನರ್ಸು ಆಕ್ಸಿಡೆಂಟ್ ಕೇಸು ಎಂದುಕೊಂಡಳು. ಅದೇ ಲೇಡಿ ಡಾಕ್ಟರು ಬಂದರು. "ಎಷ್ಟು ದಿನದಿಂದ ಹೋಗ್ತಿದೆ?" ಎಂದು ಕೇಳಿದರು. ನಲವತ್ತೊಂಬತ್ತು ದಿನ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಯಾರಿಗೂ ಹೇಳಲಿಲ್ವೇನಮ್ಮ?" ಎಂದರು. ಹೇಳಿದ್ದೆ ಎಂದೆ. ಸ್ವಲ್ಪ ಎಂದು ಹೇಳಿದ್ದೆ.

ಮೂರು ಬಾಟಲಿ ರಕ್ತ ಕೊಟ್ಟರು. ಒಳಪದರ ಕೆರೆದು ಪರೀಕ್ಷೆಗೆ ಕಳಿಸಿದರು. ಎಂಟು ತಿಂಗಳು ಉದುರದೆ ದಪ್ಪವಾಗುತ್ತಲೇ ಹೋಗಿ ಕೊನೆಗೆ ತನ್ನ ಭಾರಕ್ಕೆ ತಾನೇ ಒಡೆದದ್ದಂತೆ. ನಾವು ಅದನ್ನು ಮುಟ್ಟು ಎಂದುಕೊಂಡೆವು, ಅದು ಮುಟ್ಟಾಗಿರಲಿಲ್ಲ. ರಿಪೋರ್ಟು ಬಂದಿದೆ. ಕ್ಯಾನ್ಸರ್ ಅಲ್ಲ. ಆದರೆ ಜೀವಕೋಶಗಳು ಬದಲಾಗಿವೆ, ಹಾಗೇ ಬಿಟ್ಟರೆ ಕ್ಯಾನ್ಸರ್ ಆಗಬಹುದು ಎಂದರು. ಗರ್ಭಕೋಶ ತೆಗೆಸುವುದು ಒಂದು ದಾರಿ. ಇಲ್ಲದಿದ್ದರೆ ಹಾರ್ಮೋನು ಕೊಟ್ಟು, ಮೂರು ಮೂರು ತಿಂಗಳಿಗೆ ಕೆರೆದು ನೋಡುತ್ತಾ ಕಾಯುವುದು. ಯಾವುದು ಎಂದು ಈ ತಿಂಗಳ ಇಪ್ಪತ್ತೆಂಟಕ್ಕೆ ನಾನು ಹೇಳಬೇಕು.

ನಿಮಗೆ ಒಂದು ವಿಷಯ ಹೇಳಬೇಕಿತ್ತು. ಕನಸುಗಳು ನನ್ನವಲ್ಲ. ನನಗೆ ನಿಜವಾಗಿಯೂ ಕನಸು ಬೀಳುವುದಿಲ್ಲ. ನೀವು ಅಷ್ಟು ಆಸೆಯಿಂದ ಕೇಳಿದ್ದಿರಿ. ಇಲ್ಲ ಎಂದು ಎರಡನೇ ಸಲ ಬರೆಯಲು ಆಗಲಿಲ್ಲ. ಅಚ್ಚಿನಕ್ಕ ದಿನವೂ ಬೆಳಿಗ್ಗೆ ತನ್ನ ಕನಸು ಹೇಳುತ್ತಾಳೆ, ಅದನ್ನೇ ಬರೆದೆ. ಹಾವು ಅವಳದು, ಕುತ್ತಿಗೆಯ ಬಿಗಿಯೂ ಅವಳದು. ನೀವು ಮೇ ತಿಂಗಳಿನಿಂದ ಅವಳಿಗೆ ಔಷಧಿ ಕೊಟ್ಟಿರಿ, ನಾನು ತೆಗೆದುಕೊಂಡೆ. ಮುಟ್ಟು ನಿಲ್ಲುತ್ತಿಲ್ಲ ಎಂದೂ ಬರೆಯಬೇಕಿತ್ತು. ನೀವು ಸಿಹಿ ಹಂಚಿಬಿಟ್ಟಿದ್ದಿರಿ.

ತಪ್ಪು ನನ್ನದು. ನೀವು ಬೇಜಾರು ಮಾಡಿಕೊಳ್ಳಬೇಡಿ.

ಗುಮ್ಮಿ

ನವೆಂಬರ್ 13

ಗುಮ್ಮಿ,

ತಪ್ಪು ನಿನ್ನದಲ್ಲ. ಈ ಸಾಲನ್ನು ಮೊದಲು ಬರೆಯಬೇಕು ಎಂದು ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಬರೆಯುತ್ತಿದ್ದೇನೆ.

ನೀನು ಸುಳ್ಳು ಕನಸು ಬರೆದೆ. ನಾನು ಏನೇನು ಮಾಡಿದೆ ಎಂದು ಈಗ ಕೇಳು. ಆ ಪೊಟ್ಟಣಗಳಲ್ಲಿ ಔಷಧಿ ಇದ್ದದ್ದು ಪ್ರತಿ ಸಲವೂ ಒಂದನೇ ನಂಬರಿನಲ್ಲಿ ಮಾತ್ರ. ಉಳಿದ ಇಪ್ಪತ್ತೊಂಬತ್ತೂ ಬರೀ ಸಕ್ಕರೆ. ಕೊನೆಯ ಸಲ ಕಳಿಸಿದ್ದರಲ್ಲಿ ಮೂವತ್ತೂ ಸಕ್ಕರೆ. ನಮ್ಮಲ್ಲಿ ಇದು ರೂಢಿ. ಒಂದು ಸಲ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು, ಕಾಯುವಾಗ ರೋಗಿಗೆ ಕೈಯಲ್ಲಿ ಏನಾದರೂ ಇರಲಿ ಎಂದು. ಮೂವತ್ತೆಂಟು ವರ್ಷ ಅದನ್ನು ಜಾಣತನ ಎಂದುಕೊಂಡಿದ್ದೆ. ನೀನು ಬಿದ್ದ ದಿನವೂ ಬೆಳಿಗ್ಗೆ ಎದ್ದು, ಬಾಯಿ ತೊಳೆದು, ನಂಬರ್ ನೋಡಿ ನನ್ನ ಸಕ್ಕರೆ ತಿಂದಿರಬೇಕು.

ಇನ್ನೊಂದು ಇದೆ. ನನಗೆ ಬಿಪಿ ಇದೆ. ಹನ್ನೊಂದು ವರ್ಷದಿಂದ ದಿನಾ ಇಂಗ್ಲಿಷ್ ಮಾತ್ರೆ ನುಂಗುತ್ತೇನೆ. ಕಾಂಪೌಂಡರ್‌ಗೂ ಗೊತ್ತಿಲ್ಲ, ಬೇರೆ ಬೀದಿಯ ಅಂಗಡಿಯಿಂದ ತರುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ನಿನಗೆ ಮಾತ್ರ ನಿಲ್ಲಿಸು ಎಂದೆ.

ಒಳಪದರದ ವಿಷಯ ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಅದು ನಿಜ ಎಂದು ನನಗೆ ಗೊತ್ತಿತ್ತು, ಕಾಲೇಜಿನಲ್ಲಿ ನಾನೂ ಓದಿದ್ದೇನೆ. ಆದರೆ ಮನೆಯವರಲ್ಲಿ ನನ್ನನ್ನು ಡಾಕ್ಟರು ಎಂದು ನಂಬಿ ಬಂದವಳು ನೀನೊಬ್ಬಳೇ. ನಿನ್ನನ್ನು ಆ ಆಸ್ಪತ್ರೆಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಕ್ಷಮಿಸು ಎನ್ನಲು ಬಾಯಿಲ್ಲ, ಆದರೂ ಕ್ಷಮಿಸು. ನೀನು ಹೂಂ ಎಂದರೆ ಬಂದು ಜೊತೆಗಿರುತ್ತೇನೆ. ಬೇಡ ಎಂದರೆ ಅದೂ ಸರಿಯೇ. ಒಂದು ಮಾತು ಮಾತ್ರ ಕೇಳಬೇಕು. ನಲವತ್ತೆರಡು ಪ್ರಶ್ನೆ ಕಳಿಸಿದೆ, ಅದರಲ್ಲಿ ಇದಿರಲಿಲ್ಲ. ಮಗು ಬೇಕು ಎಂದು ನಿನಗೆ ಇತ್ತೇ?

ದೊಡ್ಡಮ್ಮ

ನವೆಂಬರ್ 29

ದೊಡ್ಡಮ್ಮ,

ಇತ್ತು. ತುಂಬ ಇತ್ತು. ನಮ್ಮ ಮನೆಯವರಿಗೂ ಹೇಳಿರಲಿಲ್ಲ. ನಾನು ಆಸೆಪಟ್ಟು ಆಗದೆ ಹೋದರೆ ಅವರು ನನ್ನನ್ನು ಸಮಾಧಾನ ಮಾಡುತ್ತಾರಲ್ಲ, ಅದು ಬೇಡವಾಗಿತ್ತು. ಬೇಕಿಲ್ಲದವಳ ಹಾಗೆ ಇದ್ದೂ ಇದ್ದೂ ಬೇಕು ಎನ್ನುವುದರ ಜೊತೆ ಉಳಿದದ್ದೆಲ್ಲ ಆರಿಹೋಯಿತು. ನೀವು ಅದನ್ನು ಸೆಪಿಯಾ ಎಂದಿರಿ.

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಓದಿದೆ. ಕೆಲಸಕ್ಕೆ ಮರಳಿ ಅವತ್ತಿಗೆ ಮೂರನೇ ದಿನ. ಸಕ್ಕರೆಯ ವಿಷಯ ಓದುವಾಗ ಏನೂ ಆಗಲಿಲ್ಲ. ಬಿಪಿ ಮಾತ್ರೆಯ ವಿಷಯಕ್ಕೆ ಬಂದಾಗ ಕಾಗದ ಪಕ್ಕಕ್ಕಿಟ್ಟು ಮೇಣದ ಚಾಕು ಕೈಗೆತ್ತಿಕೊಂಡೆ. ಮುಂದಿದ್ದ ಸೆಟ್ಟಿನ ಮೇಣದ ಮೇಲೆ ಚಾಕು ಜಾರಿ, ಮುಂದಿನ ನಾಲ್ಕು ಹಲ್ಲು ಕಿತ್ತು ನೆಲಕ್ಕೆ ಹಾರಿದವು. ನಾನು ಎದ್ದು ಅಂಗಳಕ್ಕೆ ಹೋಗಿ ಪ್ಲಾಸ್ಟರ್ ಚೀಲಕ್ಕೆ ಒದ್ದೆ. ಮತ್ತೆ ಒದ್ದೆ. ಅಚ್ಚಿನಕ್ಕ ಓಡಿಬಂದು "ಏನಾಯ್ತೇ, ಹೊಟ್ಟೆ ನೋವಾ?" ಎಂದಳು. "ಸಿಟ್ಟು ಬಂದಿದೆ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ "ಅಯ್ಯೋ, ನಿಂಗೂ ಬರುತ್ತಾ?" ಎಂದಳು. ಅವಳ ಮೇಲೂ ರೇಗಿದೆ. ಅವಳಿಗೆ ಬಹಳ ಖುಷಿಯಾಯಿತು.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ದೊಡ್ಡಮ್ಮ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ, ಈಗಂತೂ ಇಲ್ಲ. ನೀವು ನಿಮ್ಮ ಜೀವಕ್ಕೆ ಒಂದು ಔಷಧಿ ಇಟ್ಟುಕೊಂಡಿರಿ, ನನ್ನದಕ್ಕೆ ಇನ್ನೊಂದು. ಅದೂ ಇಷ್ಟು ಪ್ರೀತಿಯಿಂದ ಬರೆದು. ನಿಮ್ಮ ಹಾಗೆ ನನ್ನನ್ನು ಬೇರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅದನ್ನು ನೆನೆದಾಗ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ನಿನ್ನೆ ನಮ್ಮ ಮನೆಯವರ ಜೊತೆ ಆಸ್ಪತ್ರೆಗೆ ಹೋಗಿ ಗರ್ಭಕೋಶ ತೆಗೆಸುವುದಿಲ್ಲ ಎಂದೆ. ಹಾರ್ಮೋನು ಶುರುವಾಗಿದೆ. ಫೆಬ್ರವರಿಯಲ್ಲಿ ಮತ್ತೆ ಕೆರೆದು ನೋಡುತ್ತಾರೆ. ಕಡಿಮೆಯಾಗಿರದಿದ್ದರೆ ತೆಗೆಸಲೇಬೇಕು ಎಂದು ಡಾಕ್ಟರು ನಮ್ಮಿಬ್ಬರಿಗೂ ಬಿಡಿಸಿ ಹೇಳಿದ್ದಾರೆ. ಹೊರಗೆ ಬಂದ ಮೇಲೆ ನಮ್ಮ ಮನೆಯವರಿಗೆ ಮಗು ಬೇಕು ಎಂದು ಹೇಳಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನನಗೂ ಬೇಕಿತ್ತು, ನಿನಗೆ ಬೇಡವೇನೋ ಅಂತ ಸುಮ್ಮನಿದ್ದೆ" ಎಂದರು. ಜನ ನಮ್ಮನ್ನು ಸುತ್ತಿಕೊಂಡು ಹತ್ತಿ ಇಳಿಯುತ್ತಿದ್ದರು.

ವಾಕರಿಕೆ ಬಹಳ. ಅಡುಗೆ ಮಾಡಲು ಆಗುವುದಿಲ್ಲ. ಅವರು ಕೆಲಸಕ್ಕೆ ವಾಪಸ್ ಹೋಗಲೇಬೇಕು. ನೀವು ಬರುತ್ತೇನೆ ಎಂದಿದ್ದೀರಿ. ಬಂದರೆ ನಾನು ಸುಮ್ಮನಿರುವುದಿಲ್ಲ, ಜಗಳ ಆಡುತ್ತೇನೆ, ದಿನಾ ಆಡುತ್ತೇನೆ. ನಿಮಗೆ ಕಿವಿ ಕೇಳಿಸುವುದಿಲ್ಲ ಎಂದು ಬಿಡುವುದಿಲ್ಲ, ಹತ್ತಿರ ಕೂತು ಕೂಗುತ್ತೇನೆ. ಇಷ್ಟು ಗೊತ್ತಿದ್ದೂ ಬರುವುದಾದರೆ ಭಾನುವಾರದ ಬಸ್ಸಿಗೆ ಬನ್ನಿ.

ಗುಮ್ಮಿ